ಒಂಬತ್ತು ಗಂಟೆ, ಹತ್ತು ಪ್ರೋಗ್ರಾಂ

ಮೂರನೇ ಸೆಮ್‌ನಲ್ಲಿರೋ ಯಾರನ್ನಾದರೂ ಓಎಸ್ ಅಂದ್ರೆ ಏನು ಅಂತ ಕೇಳಿ ನೋಡಿ. ಆಪರೇಟಿಂಗ್ ಸಿಸ್ಟಮ್ ಅನ್ನೋದಕ್ಕೂ ಮುಂಚೆ "ನಾಲ್ಕು ಕ್ರೆಡಿಟ್ ಮಗಾ" ಅಂತಾರೆ. ನಾವೂ ಹಾಗೇ ಶುರು ಮಾಡಿದ್ವಿ. ವಿಟಿಯು 2022ರ ಸ್ಕೀಮಿನಲ್ಲಿ ಇದರ ಕೋಡು ಬಿಸಿಎಸ್303. 40 ಗಂಟೆ ಥಿಯರಿ, 20 ಗಂಟೆ ಲ್ಯಾಬ್, ಎರಡೂ ಒಂದೇ ಸಬ್ಜೆಕ್ಟಿನ ಹೊಟ್ಟೆಯೊಳಗೆ. ಥಿಯರಿ ಚೆನ್ನಾಗಿ ಬರೆದು ಲ್ಯಾಬಿನಿಂದ ತಪ್ಪಿಸ್ಕೊಳ್ಳೋದು, ಲ್ಯಾಬ್ ರೆಕಾರ್ಡ್ ತೋರಿಸಿ ಥಿಯರಿ ಮುಚ್ಚಿಡೋದು, ಎರಡೂ ನಡೆಯಲ್ಲ. ಇಂಟರ್ನಲ್ಸ್ 50ರಲ್ಲಿ ಥಿಯರಿಗೆ 25, ಲ್ಯಾಬಿಗೆ 25. ಎರಡರಲ್ಲೂ ಬೇರೆ ಬೇರೆಯಾಗಿ 40 ಪರ್ಸೆಂಟ್, ಅಂದರೆ ಹತ್ತು ಹತ್ತು ತಗೋಬೇಕು.

ಇನ್ನೊಂದು ಲೆಕ್ಕ ಇದೆ, ಅದನ್ನ ಜೂನಿಯರ್‌ಗಳು ಗೋಡೆ ಮೇಲೆ ಬರೆದು ಅಂಟಿಸ್ಕೊಂಡರೂ ತಪ್ಪಿಲ್ಲ. ಇಂಟರ್ನಲ್ಸಿನಲ್ಲಿ ಕನಿಷ್ಠ 20 ಬೇಕು. ಎಕ್ಸ್‌ಟರ್ನಲ್ 100ಕ್ಕೆ ಬರೆದು 50ಕ್ಕೆ ಇಳಿಸ್ತಾರೆ, ಅದರಲ್ಲಿ 35 ಪರ್ಸೆಂಟ್, ಅಂದರೆ 18 ಸಾಕು. ಇಪ್ಪತ್ತು ಹದಿನೆಂಟು ಕೂಡಿಸಿದರೆ 38. ಪಾಸಾಗೋಕೆ ಒಟ್ಟು 40 ಬೇಕು! ಎರಡೂ ಬಾಗಿಲಲ್ಲಿ ಒಳಗೆ ಬಿಟ್ಟು ನಡುಮನೆಯಲ್ಲಿ ಹಿಡ್ಕೊಳ್ಳೋ ನಿಯಮ ಇದು.

ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲು, ಒಂದೊಂದರಿಂದ 20 ಮಾರ್ಕ್ಸಿನ ಎರಡು ಪ್ರಶ್ನೆ, ಒಂದು ಬರೆದರೆ ಸಾಕು. ಅದಕ್ಕೇ ಹಾಸ್ಟೆಲಿನಲ್ಲಿ ಹುಟ್ಟೋ ಮೊದಲ ಪ್ರಶ್ನೆ "ಯಾವ ಮಾಡ್ಯೂಲ್ ಬಿಡ್ತೀಯಾ?" ಸೀನಿಯರ್‌ಗಳ ಸಲಹೆ ಏನಪ್ಪಾ ಅಂದ್ರೆ ಐದನೇದು ಬಿಡು, ಫೈಲ್ ಸಿಸ್ಟಮ್ಮು, ಡಿಸ್ಕು, ಉದ್ದ ಜಾಸ್ತಿ. ಬೇರೆ ಸಬ್ಜೆಕ್ಟಿಗೆ ಈ ಬುದ್ಧಿ ನಡೀಬಹುದು. ಓಎಸ್‌ನಲ್ಲಿ ಎರಡನೇ ಮಾಡ್ಯೂಲಿನ ಪ್ರೋಸೆಸ್ ಅರ್ಥ ಆಗದೆ ಮೂರನೇದರ ಡೆಡ್‌ಲಾಕ್ ಅರ್ಥ ಆಗೋದಿಲ್ಲ. ಬಿಡು ಅಂದ ಐದನೇದರ ಲಿಂಕ್ಡ್ ಫೈಲ್ ಅಲೊಕೇಶನ್ ಅಂತೂ ಅದೇ ಸೆಮ್‌ನ ಡೇಟಾ ಸ್ಟ್ರಕ್ಚರ್ಸಿನಲ್ಲಿ ಓದೋ ಲಿಂಕ್ಡ್ ಲಿಸ್ಟೇ, ಅಂಗಿ ಬದಲಾಯಿಸ್ಕೊಂಡು ಬಂದಿರುತ್ತೆ. ನಮ್ಮ ಅಭಿಪ್ರಾಯ ಕೇಳಿದರೆ, ಬಿಡೋದಕ್ಕೆ ಯಾವುದೂ ಇಲ್ಲ.

ಆದರೆ ನಮ್ಮ ಕಡೆಯವರಿಗೆ ಮಾರ್ಕ್ಸಿಗಿಂತ ದೊಡ್ಡ ತಲೆನೋವು ಅಟೆಂಡೆನ್ಸು. 85 ಪರ್ಸೆಂಟ್ ಬೇಕು. ಥಿಯರಿ ಲ್ಯಾಬ್ ಸೇರಿಸಿ 60 ಗಂಟೆ ಅಂದ್ಕೊಂಡರೆ 51 ಗಂಟೆ ಕೂರಬೇಕು, ಕೈಯಲ್ಲಿರೋದು ಒಂಬತ್ತು ಗಂಟೆ. ಸಿಲಬಸ್ಸಿನ ಮಾತಲ್ಲೇ ಹೇಳಬೇಕಂದ್ರೆ ಇದು 9ರಿಂದ ಶುರುವಾಗೋ ಕೌಂಟಿಂಗ್ ಸೆಮಾಫೋರ್. ಒಂದೊಂದು ರಜಾ ಒಂದೊಂದು ವೇಟ್, ಒಂದು ಕಳೀತಾ ಬರುತ್ತೆ. ಸೊನ್ನೆಗೆ ಬಂದರೆ ಬ್ಲಾಕ್. ನಿಜವಾದ ಸೆಮಾಫೋರ್‌ಗೆ ಸಿಗ್ನಲ್ ಅಂತ ಇನ್ನೊಂದು ಇರುತ್ತೆ, ಯಾರೋ ಬಂದು ಒಂದು ಕೂಡಿಸ್ತಾರೆ. ಇದಕ್ಕೆ ಅದಿಲ್ಲ. ಕಾಯಿಲೆಯಂಥ ಸಕಾರಣ ಇದ್ದರೆ 75ರ ತನಕ ವಿನಾಯಿತಿ ಕೇಳಬಹುದು. "ಮನೇಲಿ ಕೊಬ್ಬರಿ ಸುಲಿಸ್ತಿದ್ದಾರೆ" ಅಂತ ಅರ್ಜಿ ಬರೆಯೋ ಧೈರ್ಯ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ.

ಕೊಬ್ಬರಿ ಅಂದಿದ್ದು ತಮಾಷೆಗಲ್ಲ. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಜನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು. ಹೊರಗಿನವರಿಗೆ ಕೊಬ್ಬರಿ ಅಂದ್ರೆ ಕಾಯಿ ಒಡೆದು ಬಿಸಿಲಿಗಿಡೋದು ಅಂತಷ್ಟೇ ಗೊತ್ತು. ಇಲ್ಲಿನದು ಉಂಡೆ ಕೊಬ್ಬರಿ. ಬಲಿತ ಕಾಯಿ ಕೆಡವಿಸಿ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನೋ ತನಕ. ಮೊದಲು ಹಾಕಿದ್ದು ಮೊದಲು ಇಳೀಬೇಕು, ಅದಕ್ಕೇ ಒಂದೊಂದು ಸಲದ ಕಾಯಿಗೆ ಅಟ್ಟದಲ್ಲಿ ಬೇರೆ ಬೇರೆ ಜಾಗ. ಫಿಫೋ ಅನ್ನೋದನ್ನ ನಮ್ಮಲ್ಲಿ ಕೆಲವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆಮೇಲೆ ಆಳು ಸಿಕ್ಕ ದಿನ ಮಟ್ಟೆ ಸುಲಿಸಿ, ಕರಟ ತೆಗೆಸಿ, ಚೀಲ ತುಂಬಿ, ತಿಪಟೂರಿನ ಎಪಿಎಂಸಿಗೆ ಹರಾಜಿನ ದಿನ ಒಯ್ಯಬೇಕು. ವರ್ಷಪೂರ್ತಿ ಕಾದ ದುಡ್ಡು ಬರೋದು ಆ ಒಂದು ದಿನ. ರೇಟು ಒಂದು ವಾರದಲ್ಲಿ ಏರಿಳಿಯೋದು ನೋಡಿದರೆ, ಮನೆಯವರು "ಇವತ್ತೊಂದು ದಿನ ಬಾರೋ" ಅಂದಾಗ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಕಾಲೇಜಿನ ಕ್ಯಾಲೆಂಡರಿಗೆ ಹರಾಜಿನ ದಿನ ಗೊತ್ತಿಲ್ಲ, ಎಪಿಎಂಸಿಗೆ ಇಂಟರ್ನಲ್ಸ್ ದಿನ ಗೊತ್ತಿಲ್ಲ.

ನಮ್ಮಲ್ಲೊಬ್ಬ ತುರುವೇಕೆರೆ ಕಡೆಯವನು, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಮೂರನೇ ಸೆಮ್‌ಗೆ ಬಂದವನು. ಅಪ್ಪನಿಗೆ ಬೆನ್ನುನೋವು, ತೂಕದ ಹತ್ತಿರ ನಿಲ್ಲೋದು ಇವನೇ. ಎರಡನೇ ಇಂಟರ್ನಲ್ಸ್ ಹೊತ್ತಿಗೆ ಅವನ ಸೆಮಾಫೋರ್ ಒಂದಕ್ಕೆ ಬಂದು ನಿಂತಿತ್ತು. ನಾವೆಲ್ಲ ಅವನ ಅಟೆಂಡೆನ್ಸನ್ನ ಕ್ರಿಕೆಟ್ ಸ್ಕೋರ್ ಥರ ದಿನಾ ನೋಡ್ತಿದ್ವಿ.

ಅವನನ್ನ ಉಳಿಸಿದ್ದು ಒಂದು ಹಾಳೆ. ಮೊದಲ ದಿನ ಮೇಡಂ ಎಲ್ಲರಿಗೂ ಕೊಟ್ಟಿದ್ದು, ಕೋರ್ಸಿನಲ್ಲಿ ಅವರು ನಮ್ಮಿಂದ ಏನು ನಿರೀಕ್ಷೆ ಮಾಡ್ತಾರೆ ಅಂತ. ಬೇರೆ ಸಬ್ಜೆಕ್ಟುಗಳಲ್ಲಿ ನಿಯಮ ಗೊತ್ತಾಗೋದು ಮುರಿದಾದ ಮೇಲೆ, ಇಲ್ಲಿ ಮುಂಚೇನೇ ಬರೆದಿತ್ತು. ರೆಕಾರ್ಡ್ ಮುಂದಿನ ಲ್ಯಾಬಿಗೆ ಮುಗಿದಿರಬೇಕು. ಹಿಂದಿನ ದಿನವೇ ಹೇಳಿದರೆ ಇನ್ನೊಂದು ಬ್ಯಾಚಿನ ಜೊತೆ ಲ್ಯಾಬ್ ಮಾಡಬಹುದು (ಇದೇ ಅವನನ್ನ ಉಳಿಸಿದ್ದು). ಮಾತಾಡಿಕೊಂಡು ಬಿಡಿಸಬಹುದು, ಕೋಡು ಮಾತ್ರ ಸ್ವಂತದ್ದಿರಬೇಕು. ಕೊನೆಯದು ಹೀಗಿತ್ತು: ಬರೆದ ಯಾವ ಸಾಲನ್ನ ಬೆರಳಿಟ್ಟು ತೋರಿಸಿದರೂ ಅದೇನು ಮಾಡುತ್ತೆ ಅಂತ ನಿಮ್ಮ ಮಾತಲ್ಲಿ ಹೇಳಬೇಕು, ಕನ್ನಡವಾದರೂ ಸರಿ.

ಕನ್ನಡವಾದರೂ ಸರಿ ಅನ್ನೋದನ್ನ ಓದಿ ಇಂಗ್ಲಿಷ್ ಮೀಡಿಯಂನಿಂದ ಬಂದ ನಾವು, ಇದು ಡಿಪ್ಲೊಮಾದವರಿಗೆ ಕೊಟ್ಟ ರಿಯಾಯಿತಿ ಅಂದ್ಕೊಂಡ್ವಿ. ಮೊದಲ ಪ್ರೋಗ್ರಾಮಿಗೇ ಗೊತ್ತಾಯ್ತು ಅದು ಯಾರಿಗೆ ಕಷ್ಟ ಅಂತ. ಒಟ್ಟು ಹತ್ತು ಪ್ರೋಗ್ರಾಮಿನಲ್ಲಿ ಮೊದಲನೇದು ಫೋರ್ಕ್, ಎಕ್ಸೆಕ್, ವೇಟ್. "ಫೋರ್ಕ್ ಕ್ರಿಯೇಟ್ಸ್ ಎ ಚೈಲ್ಡ್ ಪ್ರೋಸೆಸ್" ಅಂತ ಒಂದೇ ಉಸಿರಿಗೆ ಹೇಳಿಬಿಡ್ತೀವಿ. ಕನ್ನಡದಲ್ಲಿ ಹೇಳು ಅಂದ್ರೆ ನಿಲ್ಲುತ್ತೆ ಬಂಡಿ. ಒಂದು ಸಲ ಕರೆದ ಫಂಕ್ಷನ್ ಎರಡು ಸಲ ವಾಪಸ್ ಬರುತ್ತೆ, ಮಗುವಿಗೆ ಸೊನ್ನೆ, ತಾಯಿಗೆ ಮಗುವಿನ ನಂಬರು. ಯಾಕೆ ಹಾಗೆ? ತಾಯಿಗೆ ಎಷ್ಟೋ ಮಕ್ಕಳಿರಬಹುದು, ಯಾವ ಮಗು ಅಂತ ತಿಳೀಬೇಕಲ್ಲ. ಮಗುವಿಗೆ ತಾಯಿ ಒಬ್ಬಳೇ, ಬೇಕಾದಾಗ ಕೇಳ್ಕೊಳ್ಳುತ್ತೆ. ಇದು ನಮಗೆ ಹೊಳೆದಿದ್ದು ಕನ್ನಡದಲ್ಲಿ ಹೇಳೋಕೆ ಒದ್ದಾಡುವಾಗ.

ಝೋಂಬಿ ಪ್ರೋಸೆಸ್ಸಿಗೆ ಅರ್ಥ ಕೊಟ್ಟಿದ್ದು ತುರುವೇಕೆರೆಯವನೇ. "ನಮ್ಮಜ್ಜ ತೀರ್ಕೊಂಡು ಎರಡು ವರ್ಷ ರೇಷನ್ ಕಾರ್ಡಲ್ಲಿ ಹೆಸರಿತ್ತಲ್ಲ, ಅದು ಕಣ್ರೋ." ಅಷ್ಟೇ. ಅಜ್ಜ ಊಟ ಮಾಡ್ತಿಲ್ಲ, ಕೆಲಸ ಮಾಡ್ತಿಲ್ಲ, ಪಟ್ಟಿಯಲ್ಲಿ ಒಂದು ಸಾಲು ಹಿಡ್ಕೊಂಡಿದ್ದಾರೆ. ಮನೆಯವರು ಹೋಗಿ ತೆಗೆಸೋ ತನಕ ಆ ಸಾಲು ಹೋಗಲ್ಲ. ಆ ಹೋಗಿ ತೆಗೆಸೋ ಕೆಲಸವೇ ವೇಟ್.

ಡೆಡ್‌ಲಾಕಿಗೆ ನಾವು ಕೆ.ಬಿ. ಕ್ರಾಸ್ ತಗೊಂಡ್ವಿ. ಬಿ.ಎಚ್. ರಸ್ತೆಗೆ ಚಿಕ್ಕನಾಯಕನಹಳ್ಳಿ, ತುರುವೇಕೆರೆ ರಸ್ತೆಗಳು ಸೇರೋ ಜಾಗ. ನಾಲ್ಕು ಕಡೆಯಿಂದ ನಾಲ್ಕು ಗಾಡಿ ಮೂತಿ ಹಾಕಿ, ನಾನು ಹಿಂದೆ ಹೋಗಲ್ಲ ಅಂತ ನಿಂತರೆ ಪುಸ್ತಕದ ನಾಲ್ಕೂ ಕಂಡಿಷನ್ ಅಲ್ಲೇ ಇದೆ. ಪೊಲೀಸಪ್ಪ ಒಂದು ಗಾಡಿ ಹಿಂದಕ್ಕೆ ತಳ್ಳಿಸಿದರೆ ಅದು ಪ್ರಿಎಂಪ್ಷನ್.

ಇದರ ಜೊತೆ ಒಂದು ಸಣ್ಣ ಸಂಗತಿ ಸಿಕ್ಕಿ ಖುಷಿಯಾಯ್ತು. ಸೆಮಾಫೋರಿನ ವೇಟ್, ಸಿಗ್ನಲ್ಲನ್ನ ಪಿ ಮತ್ತು ವಿ ಅಂತಾನೂ ಬರೀತಾರಲ್ಲ, ಇಂಗ್ಲಿಷಿನಲ್ಲಿ ಯಾವ ಪದ ಅಂತ ಹುಡುಕಿದರೆ ಸಿಗಲ್ಲ. ಅದನ್ನ ಕಂಡುಹಿಡಿದ ಡೈಕ್‌ಸ್ಟ್ರಾ ನೆದರ್‌ಲ್ಯಾಂಡಿನವರು, ಅವು ಡಚ್ ಪದಗಳ ಮೊದಲಕ್ಷರ. ಅವರು ತಮ್ಮ ಭಾಷೆಯಲ್ಲಿ ಯೋಚಿಸಿದ್ದನ್ನ ನಾವು ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡ್ತಿದ್ದೀವಿ. ಎಲ್ಲರೂ ಹೆದರೋ ಡೈನಿಂಗ್ ಫಿಲಾಸಫರ್ಸ್ ಸಹ ಅವರು 1965ರಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಕೊಟ್ಟಿದ್ದ ಲೆಕ್ಕ. ಆಗ ಅದರಲ್ಲಿದ್ದವು ಕಂಪ್ಯೂಟರು, ಟೇಪ್ ಡ್ರೈವು. ತತ್ವಜ್ಞಾನಿಗಳನ್ನ ಊಟಕ್ಕೆ ಕೂರಿಸಿದವರು ಟೋನಿ ಹೋರ್. ಅವರು ಬದಲಾಯಿಸಬಹುದಾದರೆ ನಾವು ಕೆ.ಬಿ. ಕ್ರಾಸ್‌ಗೆ ತಂದರೆ ಏನಂತೆ?

ಇನ್ನು ಸ್ವಂತ ಕೋಡಿನ ವಿಷಯ. ಹತ್ತು ಪ್ರೋಗ್ರಾಮೂ ನೆಟ್ಟಲ್ಲಿ ಇದೆ, ಚಾಟ್‌ಜಿಪಿಟಿ ಕೇಳಿದರೆ ಕಾಮೆಂಟ್ ಸಮೇತ ಕೊಡುತ್ತೆ. ಯಾರೂ ತಗೊಂಡಿಲ್ಲ ಅಂತ ಹೇಳಿದರೆ ಓದೋ ನೀವೇ ನಗ್ತೀರಿ. ಆದರೆ ಬೆರಳಿಟ್ಟು ಕೇಳೋ ನಿಯಮದ ಮುಂದೆ ಅದರಿಂದ ಲಾಭ ಕಮ್ಮಿ. ಬ್ಯಾಂಕರ್ಸ್ ಅಲ್ಗಾರಿದಮ್ ಕಾಪಿ ಮಾಡಿದವರನ್ನ "ಈ ನೀಡ್ ಮ್ಯಾಟ್ರಿಕ್ಸಿಂದ ಯಾವುದನ್ನ ಕಳೆದಿದ್ದೀಯಪ್ಪ, ಯಾಕೆ?" ಅಂದರೆ ಮುಗೀತು. ಪ್ಲೇಜಿಯರಿಸಂ ಚೆಕ್ಕಿಗಿಂತ ಈ ಒಂದು ಪ್ರಶ್ನೆ ಗಟ್ಟಿ ಅಂತ ನಮಗನ್ನಿಸುತ್ತೆ. ಅರವತ್ತು ಜನರನ್ನ ಒಬ್ಬೊಬ್ಬರಾಗಿ ಕೇಳೋಕೆ ಮೇಡಂಗೆ ಎಷ್ಟು ಹೊತ್ತು ಹಿಡೀತಿತ್ತು ಅನ್ನೋದೂ ನಿಜ. ಸಂಜೆ ಐದಾದರೂ ಮುಗೀದೆ ಚಿಕ್ಕನಾಯಕನಹಳ್ಳಿ ಬಸ್ಸು ತಪ್ಪಿದ ದಿನ ನಾವು ಈ ನಿಯಮವನ್ನ ಹೊಗಳಿರಲಿಲ್ಲ.

ಲ್ಯಾಬ್ ಟೆಸ್ಟಿನ ಹಿಂದಿನ ದಿನ ತುರುವೇಕೆರೆಯವನ ಮನೆಯಲ್ಲಿ ಕೊನೇ ಅಟ್ಟ ಇಳಿಸ್ತಿದ್ದರು. ಅವನು ಹೋಗಲಿಲ್ಲ, ಒಂದು ಗಂಟೆ ಕೈಯಲ್ಲಿದ್ದರೂ. ಅಕ್ಕ ನಿಂತು ಚೀಲ ಎಣಿಸಿದರಂತೆ. ಟೆಸ್ಟಿನ ದಿನ ಚೀಟಿ ಎತ್ತಿದ. ನಾಲ್ಕನೇ ಪ್ರೋಗ್ರಾಂ, ಎಂಕೆಫಿಫೋ ಹಾಕಿ ಎರಡು ಪ್ರೋಸೆಸ್ ಮಾತಾಡಿಸೋದು. ರೀಡರ್ ಓಡಿಸಿದ, ಸ್ಕ್ರೀನಿನಲ್ಲಿ ಏನೂ ಬರಲಿಲ್ಲ. ಪಕ್ಕದ ಸಿಸ್ಟಮ್ಮಿನವರು ಅವನಿಗಿಂತ ಜಾಸ್ತಿ ಬೆವತರು. ಅವನು ಕೈಕಟ್ಟಿ ಕೂತಿದ್ದ. "ಯಾಕಪ್ಪಾ ನಿಂತೋಯ್ತು?" ಅಂತ ಮೇಡಂ ಕೇಳಿದರು. "ನಿಂತಿಲ್ಲ ಮೇಡಂ, ಆ ಕಡೆ ಬರೆಯೋರು ಇನ್ನೂ ತೆಗೆದಿಲ್ಲ, ಅದಕ್ಕೆ ಕಾಯ್ತಾ ಇದೆ" ಅಂದ, ಇನ್ನೊಂದು ಟರ್ಮಿನಲ್ ತೆಗೆದು ರೈಟರ್ ಓಡಿಸಿದ.