ಕಾರಿಗೆ ಮಾತು ಕಲಿಸಿದ್ದು

ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು ಸ್ಕ್ರೂಡ್ರೈವರ್ ಹಿಡಿಯಬಾರದೆಂದು ಯಾವ ವಿಶ್ವವಿದ್ಯಾನಿಲಯವೂ ನಿಯಮ ಮಾಡಿಲ್ಲ. ಮಾಡಿದ್ದರೆ ನನಗೂ ಒಳ್ಳೆಯದಿತ್ತು, ನಮ್ಮ ಅಡಿಕೆ ತೋಟಕ್ಕೂ ಒಳ್ಳೆಯದಿತ್ತು. ಹೇಗೆಂದು ಹೇಳುತ್ತೇನೆ.

ನಮ್ಮ ಮನೆ ಇರುವುದು ಐವರ್ನಾಡಿನಲ್ಲಿ. ಸುಳ್ಯದಿಂದ ಸೋಣಂಗೇರಿಯ ಮೇಲಾಗಿ ಬೆಳ್ಳಾರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತವರು ನಮ್ಮೂರನ್ನು ಕಂಡೇ ಇರುತ್ತಾರೆ: ರಬ್ಬರು, ಅಡಿಕೆ, ಮತ್ತೆ ರಬ್ಬರು. ರಸ್ತೆಯಿಂದ ಇಳಿಜಾರಿನಲ್ಲಿ ಇಳಿದರೆ ನಮ್ಮ ಅಂಗಳ. ಅಂಗಳದ ಬದಿಯಲ್ಲಿ ಶೀಟಿನ ಮಾಡು. ಮಾಡಿನ ಕೆಳಗೆ ಒಂದು ಮಾರುತಿ ೮೦೦. ಆ ಜಾತಿಯ ಕಾರನ್ನು ತಯಾರಿಸುವುದು ೨೦೧೪ರಲ್ಲಿಯೇ ನಿಂತುಹೋಯಿತು. ಆದರೆ ನಮ್ಮದು ನಿಲ್ಲದೆ ಗೊಬ್ಬರದ ಚೀಲ, ಅಡಿಕೆಯ ಚೀಲ, ನೆಂಟರಿಷ್ಟರು ಎಲ್ಲರನ್ನೂ ಒಂದೇ ಭಾವದಿಂದ ಹೊತ್ತುಕೊಂಡು ತಿರುಗುತ್ತಿದೆ.

ಅಪ್ಪನಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಬೇಕು, ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಯುದ್ಧ ಮಾಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಅರ್ಥ ಹೇಳುವುದನ್ನು ಕೇಳುತ್ತ ಬೆಳೆದ ಕಾಲದವರು ಅವರು. ಕ್ಯಾಸೆಟ್ಟುಗಳು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಉಂಟು. ಕಾರಿನಲ್ಲಿ ಹಿಂದಿನ ಯಜಮಾನರು ಹಾಕಿಸಿದ್ದ ಕ್ಯಾಸೆಟ್ ಪೆಟ್ಟಿಗೆಯೂ ಇತ್ತು. ಒಂದು ದಿನ, ಕರ್ಣನ ರಥದ ಚಕ್ರ ಹೂತುಹೋಗುವ ಹೊತ್ತಿಗೆ ಸರಿಯಾಗಿ, ಆ ಪೆಟ್ಟಿಗೆಯ ಚಕ್ರವೂ ನಿಂತು ಟೇಪನ್ನು ನುಂಗಿತು. ಆಮೇಲೆ ಅಪ್ಪ ಮೌನವಾಗಿ ಕಾರು ಬಿಡತೊಡಗಿದರು. ಆ ಮೌನವನ್ನು ನೋಡಲಾರದೆ ನಾನು ಈ ಸಾಹಸಕ್ಕೆ ಕೈಹಾಕಿದೆ.

ರಜೆಯಲ್ಲಿ ದುಡಿದು ಕೂಡಿಟ್ಟ ೨,೨೦೦ ರೂಪಾಯಿಗೆ ಪುತ್ತೂರಿನಿಂದ ಒಂದು ಡಿಜಿಟಲ್ ಪ್ಲೇಯರ್ ತಂದೆ. ಕೂರಿಸಿಕೊಡಲು ಅಂಗಡಿಯವರು ಮತ್ತೆ ೮೦೦ ರೂಪಾಯಿ ಕೇಳಿದರು. 'ಅಷ್ಟು ಯಾಕೆ? ನಾನೇ ಕೂರಿಸುತ್ತೇನೆ' ಎಂದು ಎದ್ದು ಬಂದೆ. ಕ್ಯಾಸೆಟ್ಟುಗಳನ್ನು ಭಾವನೊಬ್ಬನ ಕಂಪ್ಯೂಟರಿನ ಮೂಲಕ ಪೆನ್‌ಡ್ರೈವಿಗೆ ಇಳಿಸಿದ್ದಾಯಿತು. ಒಂದು ಗಂಟೆಯ ಮಾತಿಗೆ ಸುಮಾರು ೬೦ ಎಂ.ಬಿ. ಜಾಗ ಸಾಕು. ಡಬ್ಬಿಯಲ್ಲಿದ್ದ ರಾಮ, ರಾವಣ, ಮಾಗಧರೆಲ್ಲ ಕಿರುಬೆರಳಿನಷ್ಟರ ವಸ್ತುವಿನೊಳಗೆ ಸೇರಿ, ಇನ್ನೂ ಜಾಗ ಉಳಿಯಿತು.

ಕಾರಿನಲ್ಲಿ ರೇಡಿಯೋ ಇಡುವ ಚಪಲ ಹಳೆಯದು. ಅಮೆರಿಕದಲ್ಲಿ ಗ್ಯಾಲ್ವಿನ್ ಎಂಬವರ ಕಂಪೆನಿ ೧೯೩೦ರಲ್ಲಿ ಕಾರಿಗೆ ರೇಡಿಯೋ ಮಾಡಿ, ಅದಕ್ಕೆ 'ಮೊಟೊರೋಲಾ' ಎಂದು ಹೆಸರಿಟ್ಟಿತು. ಬಳಿಕ ಜರ್ಮನರು ಈ ಪೆಟ್ಟಿಗೆಯ ಮುಖಕ್ಕೆ ಅಳತೆಯನ್ನು ಗೊತ್ತುಮಾಡಿದರು: ಅಗಲ ೧೮೦ ಮಿಲಿಮೀಟರು, ಎತ್ತರ ೫೦. ಅವರ ಪುಣ್ಯದಿಂದ ಹಳೆಯ ಪೆಟ್ಟಿಗೆಯನ್ನು ಎಳೆದು ತೆಗೆದ ಗುಂಡಿಯಲ್ಲಿ ಹೊಸದು ಅಳೆದಿಟ್ಟಂತೆ ಕುಳಿತಿತು. 'ಇಷ್ಟೆಯೋ!' ಎಂದುಕೊಂಡೆ. ಹಿಂಬದಿಯಲ್ಲಿ ತಂತಿಗಳು ಇದ್ದುವು.

ಪ್ಲೇಯರಿನ ತಂತಿಗಳಿಗೆ ಒಂದೊಂದು ಬಣ್ಣ. ಕಪ್ಪು ಕಾರಿನ ಮೈಗೆ. ಬಿಳಿ, ಬೂದು, ಹಸುರು, ನೇರಳೆ ಜೋಡಿಗಳು ಸ್ಪೀಕರುಗಳಿಗೆ. ಇವಿಷ್ಟು ಸುಲಭ. ಉಳಿದವು ಹಳದಿ ಮತ್ತು ಕೆಂಪು. ಕಾರಿನ ಕಡೆ ಹುಡುಕಿದರೆ ಕರೆಂಟು ಬರುವ ತಂತಿ ಸಿಕ್ಕಿದ್ದು ಒಂದೇ. ಡಬ್ಬಿಯಲ್ಲಿ ಒಂದು ಕಾಗದ ಇತ್ತು. ಆದರೆ ಪ್ರಶ್ನಪತ್ರಿಕೆಯ ಸೂಚನೆಗಳನ್ನು ಓದದೆಯೇ ಉತ್ತರ ಬರೆಯುವ ಜಾತಿ ನಮ್ಮದು. ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ಹೊಸೆದು ಆ ಒಂದೇ ತಂತಿಗೆ ಸುತ್ತಿ, ಟೇಪು ಅಂಟಿಸಿದೆ. ಗುಂಡಿ ಒತ್ತಿದೆ. ಚೆಂಡೆ ಬಾರಿಸಿತು!

ಅಪ್ಪ ಬಂದು ನೋಡಿದರು. "ಕೀ ನನ್ನ ಕಿಸೆಯಲ್ಲಿ ಉಂಟಲ್ಲ ಮಗಾ? ಮತ್ತೆ ಹೇಗೆ ಮಾತಾಡುತ್ತದೆ?"

"ಅದೇ ಇದರ ವಿಶೇಷ" ಎಂದೆ.

ಆಟಿ ತಿಂಗಳು. ಮೂರು ದಿನ ಎಡೆಬಿಡದೆ ಮಳೆ ಹೊಡೆಯಿತು. ಕಾರು ಮಾಡಿನಿಂದ ಹೊರಡಲಿಲ್ಲ. ಅಪ್ಪ ಪ್ಲೇಯರಿನ ಸದ್ದನ್ನು ಸೊನ್ನೆಗೆ ಇಳಿಸಿ ಇಳಿದಿದ್ದರು. ಅದರ ಪ್ರಕಾರ ಅದು ಆರಿದ ಹಾಗೆ. ಸಣ್ಣ ದೀಪ ಉರಿಯುತ್ತಿದ್ದುದನ್ನು ನಾನೂ ಕಂಡು, ಗಡಿಯಾರ ಇರಬೇಕೆಂದುಕೊಂಡೆ. ಮೂರನೆಯ ರಾತ್ರಿ ಅಜ್ಜಿಗೆ ಉಬ್ಬಸ ಜೋರಾಯಿತು. ಅಪ್ಪ ಕೀ ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು. ಮತ್ತೆ ಅದೂ ಇಲ್ಲ. ದೂಡಿ ಸ್ಟಾರ್ಟ್ ಮಾಡೋಣವೆಂದರೆ ರಸ್ತೆ ಇರುವುದು ಮೇಲೆ, ನಾವಿರುವುದು ಕೆಳಗೆ. ಅಮ್ಮ ಅಜ್ಜಿಯ ಬೆನ್ನನ್ನು ತಿಕ್ಕುತ್ತ ಜಗಲಿಯಲ್ಲಿ ಕುಳಿತಿದ್ದರು. ನಾನು ಮಳೆಯಲ್ಲಿ ಓಡಿ, ಆಚೆ ಮನೆಯವರನ್ನು ಎಬ್ಬಿಸಿ, ಅವರ ಜೀಪು ಬರುವಾಗ ಮುಕ್ಕಾಲು ಗಂಟೆ ದಾಟಿತ್ತು. ಆ ಮುಕ್ಕಾಲು ಗಂಟೆ ಅಜ್ಜಿ ಉಸಿರೆಳೆಯುತ್ತಿದ್ದ ಶಬ್ದ ನನ್ನ ಕಿವಿಯಲ್ಲಿ ಇಂದಿಗೂ ಉಂಟು. ದೇವರ ದಯೆ, ಸುಳ್ಯದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಚೇತರಿಸಿ ಬಂದರು.

"ಬ್ಯಾಟರಿಗೆ ವಯಸ್ಸಾಯಿತು" ಎಂದು ಅಪ್ಪ ತೀರ್ಮಾನಿಸಿದರು. ಹಳೆಯದನ್ನು ಕೊಟ್ಟು, ಮೇಲೆ ೩,೫೦೦ ರೂಪಾಯಿ ಹಾಕಿ ಹೊಸತು ತಂದರು. ಆ ಹಣ ತೋಟದ ಎರಡನೆಯ ಔಷಧಿಗೆಂದು, ಮೈಲುತುತ್ತಿಗೂ ಸುಣ್ಣಕ್ಕೂ ಮದ್ದು ಬಿಡುವವರ ಕೂಲಿಗೂ ಎಂದು ತೆಗೆದಿಟ್ಟದ್ದು. ಅಂದು ರಾತ್ರಿ ನಾನು ಡಬ್ಬಿಯ ಕಾಗದವನ್ನು ಹುಡುಕಿ ತೆಗೆದು ಓದಿದೆ. ಹಳದಿ ತಂತಿ ನೇರ ಬ್ಯಾಟರಿಗೆ: ಪ್ಲೇಯರಿನ ನೆನಪು ಅಳಿಯದಿರುವುದಕ್ಕೆ. ಕೆಂಪು ತಂತಿ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ: ಕೀ ತೆಗೆದರೆ ಪ್ಲೇಯರ್ ನಿದ್ರಿಸುವುದಕ್ಕೆ. ನಾನು ಅದನ್ನು ನಿದ್ರಿಸಲು ಬಿಟ್ಟಿರಲೇ ಇಲ್ಲ. ಸ್ನೇಹಿತನ ಮಲ್ಟಿಮೀಟರ್ ತಂದು ನೋಡಿದೆ. ಸದ್ದಿಲ್ಲದಿರುವಾಗಲೂ ಅದು ೦.೪ ಆಂಪಿಯರ್ ಕುಡಿಯುತ್ತಿತ್ತು. ಮೂರು ದಿನವೆಂದರೆ ೭೨ ಗಂಟೆ. ಗುಣಿಸಿದರೆ ಸುಮಾರು ೨೯ ಆಂಪಿಯರ್-ಗಂಟೆ. ನಮ್ಮ ಬ್ಯಾಟರಿಯ ಒಟ್ಟು ಶಕ್ತಿ ೩೫. ಲೆಕ್ಕ ಸ್ಪಷ್ಟವಾಗಿತ್ತು. ವಯಸ್ಸಾದದ್ದು ಬ್ಯಾಟರಿಗಲ್ಲ.

ವಾಚಕರು ನಾನು ಕೂಡಲೇ ಹೋಗಿ ಹೇಳಿದೆನೆಂದು ಭಾವಿಸಬಹುದು. ಹೇಳಲಿಲ್ಲ. ಅಪ್ಪ ಬಂದವರೊಡನೆಲ್ಲ "ಎಂಟುನೂರು ಕೇಳಿದ ಕೆಲಸವನ್ನು ಇವನೇ ಮಾಡಿದ" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯನ್ನು ಕೆಳಗಿಡಲು ನನಗೆ ಮನಸ್ಸು ಬರಲಿಲ್ಲ. ಬದಲಾಗಿ, ದಿನಾ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೊಡೆ ಹಿಡಿದು ಹೋಗಿ, ಕಾರಿನ ಬಾಗಿಲನ್ನು ಮೆಲ್ಲನೆ ತೆರೆದು, ಪ್ಲೇಯರಿನ ಗುಂಡಿಯನ್ನು ಒತ್ತಿಹಿಡಿದು ಆರಿಸಿ ಬರುತ್ತಿದ್ದೆ. ನಮ್ಮ ಮನೆಯ ಅಂಗಳದಲ್ಲಿ ನಾನೇ ಕಳ್ಳನಂತೆ ನಡೆದೆ. ಅತ್ತ ಮಳೆ ಮುಂದುವರಿದಿತ್ತು. ಔಷಧಿ ಬೀಳದ ಮರಗಳಿಂದ ಕೊಳೆರೋಗ ಹತ್ತಿದ ಎಳೆಕಾಯಿಗಳು ಉದುರುತ್ತಿದ್ದುವು. ಅಮ್ಮ ಅವನ್ನು ಬುಟ್ಟಿಯಲ್ಲಿ ಹೆಕ್ಕಿ ತಂದು ಸುರಿಯುವುದನ್ನು ಎಂಟು ದಿನ ನೋಡಿದೆ.

ಒಂಬತ್ತನೆಯ ದಿನ ಅಪ್ಪನೊಡನೆ ಬೆಳ್ಳಾರೆಯಿಂದ ಬರುತ್ತಿದ್ದೆ. ಪೆನ್‌ಡ್ರೈವಿನಲ್ಲಿ ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ, ಎದುರಿಗೆ ಬಾರದೆ ಮರೆಯಲ್ಲಿ ನಿಂತದ್ದು ಯಾಕೆಂದು ರಾಮನನ್ನು ಕೇಳುತ್ತಿದ್ದ. ಅಪ್ಪ ತಲೆದೂಗುತ್ತಿದ್ದರು. ನನಗೆ ಕುಳಿತುಕೊಳ್ಳಲಾಗಲಿಲ್ಲ. ಸದ್ದನ್ನು ಇಳಿಸಿ, ಎಲ್ಲವನ್ನೂ ಹೇಳಿಬಿಟ್ಟೆ: ಕೆಂಪು, ಹಳದಿ, ೦.೪ ಆಂಪಿಯರ್, ರಾತ್ರಿಯ ಕೊಡೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮನೆಯ ಇಳಿಜಾರು ಇಳಿದು ಕಾರು ನಿಲ್ಲಿಸಿದ ಮೇಲೆ, "ತಂತಿ ತಪ್ಪಿದ್ದು ಇರಲಿ, ಕಲಿಯುವಾಗ ತಪ್ಪುತ್ತದೆ. ಎಂಟು ದಿನ ಹೇಳದೆ ಇದ್ದೆಯಲ್ಲ; ಹೇಳಿದ್ದರೆ ಹಳೆಯ ಬ್ಯಾಟರಿಯನ್ನು ಚಾರ್ಜಿಗೆ ಹಾಕಲು ಆದೀತೋ ಎಂದು ಆ ಅಂಗಡಿಯಲ್ಲೇ ಕೇಳಬಹುದಿತ್ತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ತಡೆದು, "ಆ ಕಾಗದ ತಾ. ನಾನು ಟಾರ್ಚ್ ಹಿಡಿಯುತ್ತೇನೆ" ಎಂದರು.

ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ, ಪೆಟ್ಟಿಗೆಯನ್ನು ಹೊರಗೆಳೆದು, ಹಳೆಯ ಟೇಪಿನ ಸುರುಳಿಗಳನ್ನು ಒಂದೊಂದಾಗಿ ಬಿಡಿಸಿದೆವು. ನಾನು ಕಾಣದಿದ್ದ ಎರಡನೆಯ ತಂತಿ ಅದರೊಳಗೆ ತುಂಡಾಗಿ ಅಡಗಿತ್ತು. ಮೈನಸ್ಸನ್ನು ಮತ್ತೆ ಜೋಡಿಸಿ ಮೀಟರು ಹಿಡಿದೆವು: ಕೀ ತಿರುಗಿಸಿದರೆ ೧೨ ವೋಲ್ಟು, ತೆಗೆದರೆ ಸೊನ್ನೆ. ಪುನಃ ಬಿಚ್ಚಿ, ಕೆಂಪನ್ನು ಅದಕ್ಕೆ ಸೇರಿಸಿದೆ. ಅಪ್ಪ ಕೀ ತೆಗೆದರು. ದೀಪ ಆರಿತು.

ಆ ವರ್ಷ ಔಷಧಿ ಹದಿನೈದು ದಿನ ತಡವಾಗಿ ಬಿತ್ತು, ಅಡಿಕೆ ಕಡಿಮೆಯೇ ಆಯಿತು. ಅದರ ಲೆಕ್ಕವನ್ನು ಮನೆಯಲ್ಲಿ ಯಾರೂ ನನ್ನ ಮುಂದೆ ಹೇಳಲಿಲ್ಲ. ನಾನು ಮಾತ್ರ ಇಟ್ಟುಕೊಂಡಿದ್ದೇನೆ. ಈಗ ಮನೆಗೆ ಮಿಕ್ಸಿ ಬಂದರೂ ಪಂಪು ಬಂದರೂ, ಅಮ್ಮ ಮೊದಲು ಡಬ್ಬಿಯೊಳಗಿನ ಕಾಗದವನ್ನು ತೆಗೆದು ನನ್ನ ಕೈಗೆ ಕೊಡುತ್ತಾರೆ. "ಜೋರಾಗಿ ಓದು, ಎಲ್ಲರಿಗೂ ಕೇಳಲಿ" ಎನ್ನುತ್ತಾರೆ. ಜಗಲಿಯಲ್ಲಿ ಅಜ್ಜಿಯೂ ಕುಳಿತು ಕೇಳುತ್ತಾರೆ.