ಪಾದಗಳ ಹಕ್ಕು

ಓಡಲು ಮನುಷ್ಯನಿಗೆ ಏನೇನು ಬೇಕು? ಶಹಾಪುರದಲ್ಲಿ ಫಜ್ರ್ ನಮಾಝಿನ ಬಳಿಕ ಓಡಲು ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಈ ಪ್ರಶ್ನೆಯೇ ನನಗೆ ಹುಟ್ಟಿರಲಿಲ್ಲ. ಒಂದು ಹಳೆಯ ಕ್ಯಾನ್ವಾಸ್ ಶೂ, ಒಂದು ಸಡಿಲ ಪೈಜಾಮ, ಅಷ್ಟೇ. ಆಗಸ್ಟ್ ಕೊನೆಯ ವಾರದಲ್ಲಿ ನಡೆಯುವ ಹೈದರಾಬಾದ್ ಮ್ಯಾರಥಾನಿನಲ್ಲಿ ಹಾಫ್ ಮ್ಯಾರಥಾನ್‌ಗೆ, ಅಂದರೆ 21.0975 ಕಿ.ಮೀ. ಓಟಕ್ಕೆ, ಹೆಸರು ನೋಂದಾಯಿಸಿದ ಮೇಲೆ ಪ್ರಶ್ನೆ ಹುಟ್ಟಿತು. ಉತ್ತರಗಳಂತೂ ಮೊಬೈಲಿನ ಪರದೆಯ ಮೇಲೆ ತಾವಾಗಿಯೇ ಬರತೊಡಗಿದವು: ಕಾರ್ಬನ್ ಪ್ಲೇಟ್ ಇರುವ ಶೂ, ಜಿಪಿಎಸ್ ಗಡಿಯಾರ, ಬೆವರು ನಿಲ್ಲದ ಅಂಗಿ, ಮೀನಖಂಡಕ್ಕೆ ಬಿಗಿಯಾದ ಪಟ್ಟಿ, ಸೊಂಟಕ್ಕೆ ನೀರಿನ ಬೆಲ್ಟ್, ದಾರಿಯಲ್ಲಿ ನುಂಗಲು ಸಿಹಿ ಜೆಲ್. ಅವುಗಳಲ್ಲಿ ಶೂ ಒಂದರ ಬೆಲೆಯೇ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ.

ಬಯಕೆ ಪಾಪವಲ್ಲ. ನಮ್ಮ ವಿದ್ವಾಂಸರು ಮನುಷ್ಯನ ಬೇಕುಗಳನ್ನು ಮೂರು ಮಟ್ಟಗಳಲ್ಲಿ ವಿಂಗಡಿಸಿದ್ದಾರೆ. ಇಮಾಮ್ ಗಝಾಲಿಯವರು ಹೇಳಿದ ಈ ವಿಂಗಡಣೆಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಗ್ರನಾಡದ ಇಮಾಮ್ ಶಾತಿಬಿಯವರು ವಿಸ್ತರಿಸಿದರು. ಇಲ್ಲದಿದ್ದರೆ ಬದುಕೇ ಕೆಡುವಂಥದ್ದು ಝರೂರಿಯಾತ್, ಇಲ್ಲದಿದ್ದರೆ ಕಷ್ಟವಾಗುವಂಥದ್ದು ಹಾಜಿಯಾತ್, ಇದ್ದರೆ ಚೆಂದವೆನಿಸುವಂಥದ್ದು ತಹ್ಸೀನಿಯಾತ್. ಮೂರನೆಯದನ್ನು ಅವರು ನಿಷೇಧಿಸಲಿಲ್ಲ, ಅದಕ್ಕೆ ಅದರ ಸ್ಥಾನವನ್ನು ತೋರಿಸಿದರು. ಅಂಗಡಿಯವರ ಜಾಣತನವಿರುವುದು ಮೂರನೆಯದನ್ನು ಮೊದಲನೆಯದೆಂದು ನಂಬಿಸುವುದರಲ್ಲಿ.

ನನ್ನ ದೀರ್ಘ ಅಭ್ಯಾಸದ ದಾರಿ ಗೋಗಿಯ ಕಡೆಗಿತ್ತು. ಶಹಾಪುರದಿಂದ ಅಲ್ಲಿಗೆ ಹೋಗಿ ಬಂದರೆ ಹೆಚ್ಚುಕಡಿಮೆ ಹಾಫ್ ಮ್ಯಾರಥಾನಿನಷ್ಟೇ ದೂರ. ಬುದ್ಧ ಮಲಗಿದಂತೆ ಕಾಣುವ ನಮ್ಮೂರ ಬೆಟ್ಟ ಬೆಳಗಿನ ಮಬ್ಬಿನಲ್ಲಿ ಬೆನ್ನ ಹಿಂದೆ ಉಳಿಯುತ್ತದೆ. ಹತ್ತಿಯ ಹೊಲಗಳು ಬರುತ್ತವೆ, ನಾಯಿಗಳೂ ಬರುತ್ತವೆ (ಓಟದ ವೇಗ ಹೆಚ್ಚಿಸುವ ಇವುಗಳ ಬಗ್ಗೆ ಯಾವ ಅಂಗಡಿಯವರೂ ಹೇಳುವುದಿಲ್ಲ). ಗೋಗಿಯಲ್ಲಿ ಹಝ್ರತ್ ಚಂದಾ ಹುಸೈನಿಯವರ ದರ್ಗಾದ ಆವರಣದಲ್ಲಿ ಬಿಜಾಪುರದ ಮೊದಲ ಆದಿಲ್ ಶಾಹಿ ಸುಲ್ತಾನರ ಸಮಾಧಿಗಳಿವೆ: ಯೂಸುಫ್, ಇಸ್ಮಾಯಿಲ್, ಮೊದಲನೆಯ ಇಬ್ರಾಹಿಂ. ಗೋಲಗುಂಬಜ್ ನೋಡಲು ಜನ ದೂರದೂರದಿಂದ ಬರುತ್ತಾರೆ. ಆ ವಂಶದ ಸ್ಥಾಪಕ ಮಲಗಿರುವುದು ಇಲ್ಲಿ ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ತಿರುಗಿ ಬರುವ ಮುನ್ನ ಅಲ್ಲಿ ಒಂದು ಕ್ಷಣ ನಿಂತು ಸಲಾಂ ಹೇಳುತ್ತಿದ್ದೆ. ಸೂರಃ ಅತ್ತಕಾಸುರ್ ಕೂಡಿಡುವ ಹಂಬಲವನ್ನೂ ಗೋರಿಯನ್ನೂ ಒಟ್ಟಿಗೆ ಏಕೆ ಹೇಳುತ್ತದೆಂಬುದು, ಬೆವರು ಒರೆಸಿಕೊಳ್ಳುತ್ತಾ ಆ ಗೋರಿಗಳ ಮುಂದೆ ನಿಂತಾಗ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ.

ಹೈದರಾಬಾದಿನ ದಾರಿಯಲ್ಲಿ ಏರುಗಳು ಹೆಚ್ಚು. ಅದಕ್ಕಾಗಿ ಕೆಲವು ಭಾನುವಾರ ಸುರಪುರಕ್ಕೆ ಹೋಗಿ ಟೇಲರ್ ಮಂಜಿಲ್ ಇರುವ ಗುಡ್ಡದ ಏರಿನಲ್ಲಿ ಓಡಿದೆ. ಕೆಲಸದ ಮೇಲೆ ಯಾದಗಿರಿಗೆ ಹೋದ ದಿನಗಳಲ್ಲಿ ಮೈದಾನದಲ್ಲಿ ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗರ ಜೊತೆ ಓಡಿದೆ. ಅವರಿಗೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸುವ ಗುರಿ. ಅವರಲ್ಲಿ ಅರ್ಧದಷ್ಟು ಮಂದಿ ಬರಿಗಾಲಿನವರು. ನನ್ನನ್ನು ಎರಡು ಸುತ್ತು ಹಿಂದೆ ಹಾಕಿದ ಹುಡುಗನನ್ನು, ಯಾವ ಶೂ ಕೊಳ್ಳಬೇಕೆಂದಿದ್ದೀಯಪ್ಪಾ ಎಂದು ಕೇಳಿದೆ. "ನೌಕರಿ ಆದ ಮ್ಯಾಲೆ ಅವ್ರೇ ಕೊಡ್ತಾರ್ರೀ ಸರ್" ಎಂದ.

ಹಾಗಾದರೆ ಶೂ ಕೂಡ ಬೇಡವೇ? 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಿನಲ್ಲೇ ಮ್ಯಾರಥಾನ್ ಗೆದ್ದರು ಎಂದು ಓಟದ ಗೆಳೆಯರು ನೆನಪಿಸುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ಉದಾಹರಣೆ ನಡೆಯುವುದಿಲ್ಲ.

ಅಬ್ಬಾರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ನಾಲ್ಕು ವರ್ಷಗಳ ಹಿಂದೆ ಹೊಸ ಚಪ್ಪಲಿಯ ಪಟ್ಟಿ ಉಜ್ಜಿ ಬಲಗಾಲಿನ ಕಿರುಬೆರಳ ಬಳಿ ಒಂದು ಬೊಬ್ಬೆ ಎದ್ದಿತು. ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿದ್ದರಿಂದ ಅವರಿಗೆ ನೋವೇ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಕೀವಾಗಿತ್ತು. ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಪ್ರತಿದಿನ ಪಾದವನ್ನು ಕಣ್ಣಿಟ್ಟು ನೋಡಬೇಕು, ಬೆರಳುಗಳ ಸಂದಿಯನ್ನು ಒಣಗಿಸಬೇಕು, ಪಾದರಕ್ಷೆ ತೊಡುವ ಮುನ್ನ ಒಳಗೆ ಕೈಯಾಡಿಸಬೇಕು ಎಂದು ವೈದ್ಯರು ಹೇಳಿದರು. ಐದು ಹೊತ್ತು ವುಝೂ ಮಾಡುವ ಮನೆ ನಮ್ಮದು. ವುಝೂವಿನಲ್ಲಿ ಕಾಲ್ಬೆರಳುಗಳ ನಡುವೆ ಬೆರಳಾಡಿಸುವುದು ಸುನ್ನತ್. ಹಿಮ್ಮಡಿಯನ್ನು ಒಣಗಲು ಬಿಟ್ಟವರಿಗೆ ಪ್ರವಾದಿ(ಸ)ಯವರು ಕಠಿಣ ಎಚ್ಚರಿಕೆ ನೀಡಿದ್ದನ್ನು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ಆದರೆ ರೂಢಿಯ ಕೈ ಪಾದವನ್ನು ತೊಳೆಯುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ಈಗ ಇಶಾದ ವುಝೂವಿನ ಬಳಿಕ ನಾನೇ ಅಬ್ಬಾರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಬೆರಳುಗಳ ಸಂದಿಗಳನ್ನು ಟವೆಲಿನಿಂದ ಒರೆಸುತ್ತೇನೆ. ನಾನು ಓಡಲು ಆರಂಭಿಸಿದ್ದು ಆ ಶಸ್ತ್ರಚಿಕಿತ್ಸೆಯ ವರ್ಷವೇ. ನನ್ನ ರಕ್ತದಲ್ಲೂ ಸಕ್ಕರೆ ಗಡಿಯಲ್ಲಿ ನಿಂತಿದೆ. ನಿನ್ನ ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ)ಯವರು ತಿಳಿಸಿದ್ದು ಆರಾಧನೆಯ ಅತಿರೇಕದ ಸಂದರ್ಭದಲ್ಲಿ. ಅಲಕ್ಷ್ಯದ ಸಂದರ್ಭಕ್ಕೆ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆಂದು ನನ್ನ ಭಾವನೆ.

ಆದ್ದರಿಂದ ಪಟ್ಟಿಯಲ್ಲಿ ಶೂ ಉಳಿಯಿತು, ಕಾರ್ಬನ್ ಪ್ಲೇಟ್ ಹೋಯಿತು. ಆ ತಟ್ಟೆ ವೇಗಕ್ಕಾಗಿ ಇರುವುದು. ನನ್ನಂಥವನಿಗೆ ಬೇಕಾದದ್ದು ಬೊಬ್ಬೆ ಏಳದಂಥ ಅಳತೆ. ದೀರ್ಘ ಓಟದಲ್ಲಿ ಪಾದ ಊದುತ್ತದೆ, ಆದುದರಿಂದ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗವಿರುವ ಶೂವನ್ನು ಸಂಜೆಯ ಹೊತ್ತಿನಲ್ಲಿ ಹಾಕಿ ನೋಡಿ ಕೊಳ್ಳಬೇಕು. ಕಲಬುರಗಿಗೆ ಹೋಗಿ 4,200 ರೂಪಾಯಿಗೆ ತಂದೆ. ಬೆಲೆ ಎಷ್ಟು ಬೇಟಾ ಎಂದು ಅಬ್ಬಾ ನಮ್ಮ ದಖನಿಯಲ್ಲಿ ಕೇಳಿದರು, ಹೇಳಿದೆ. ಅವರು ಮರುಮಾತಾಡದೆ ಶೂವಿನೊಳಗೆ ಕೈ ತೂರಿಸಿ, ತುದಿಯವರೆಗೆ ನಿಧಾನವಾಗಿ ಸವರಿ, ಹೊಲಿಗೆ ಎಲ್ಲಿಯೂ ಚುಚ್ಚುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನನ್ನ ಕೈಗೆ ಕೊಟ್ಟರು. ಗಡಿಯಾರಕ್ಕೆಂದು ತೆಗೆದಿಟ್ಟಿದ್ದ ಹಣದ ಒಂದು ಸಣ್ಣ ಭಾಗದಲ್ಲಿ ಅವರಿಗೆ ಎಂ.ಸಿ.ಆರ್. ರಬ್ಬರಿನ ಮೆತ್ತನೆಯ ಚಪ್ಪಲಿ ಬಂತು.

ಓಟದ ದಿನ ಹುಸೇನ್ ಸಾಗರದ ದಡದಲ್ಲಿ, ನೆಕ್ಲೇಸ್ ರಸ್ತೆಯಲ್ಲಿ, ಕತ್ತಲಿರುವಾಗಲೇ ಸಾವಿರಾರು ಜನ. ಫಜ್ರ್ ಸಮಯವಾಗಿತ್ತು. ತೆಳ್ಳನೆಯ ಕಾಲುಚೀಲದ ಮೇಲೆ ಮಸಹ್ ಮಾಡಲು ಹನಫೀ ಮದ್‌ಹಬ್‌ನಲ್ಲಿ ಅನುಮತಿಯಿಲ್ಲ. ಹೀಗಾಗಿ ಆಗಷ್ಟೇ ಬಿಗಿದಿದ್ದ ಲೇಸು ಬಿಚ್ಚಿ, ಒಂದು ಬಾಟಲಿ ನೀರಿನಲ್ಲಿ ವುಝೂ ಮುಗಿಸಿದೆ. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಅದು ಒಂದು ಲೀಟರಿಗಿಂತಲೂ ಕಡಿಮೆ. ಬೆರಳುಗಳ ಸಂದಿಗಳನ್ನು ಒಣಗಿಸುವಾಗ ಅವಸರಪಡಲಿಲ್ಲ, ಒದ್ದೆ ಪಾದ ಹತ್ತು ಕಿ.ಮೀ. ಒಳಗೇ ಬೊಬ್ಬೆಯಾಗುತ್ತದೆ. ಪಕ್ಕದಲ್ಲಿ ಇನ್ನಿಬ್ಬರು ಅಪರಿಚಿತರು ಬಂದು ನಿಂತರು, ಜಮಾಅತ್ ಆಯಿತು.

ಓಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಕೆ.ಬಿ.ಆರ್. ಪಾರ್ಕಿನವರೆಗೆ ಸುಖವಾಗಿತ್ತು, ದುರ್ಗಂ ಚೆರುವಿನ ಕೇಬಲ್ ಸೇತುವೆಯ ಮೇಲೆ ತೊಡೆಗಳು ಕಲ್ಲಾದವು. ಅಲ್ಲಿಂದ ಗಚ್ಚಿಬೌಲಿ ಕ್ರೀಡಾಂಗಣದವರೆಗೆ ತಸ್ಬೀಹ್ ಎಣಿಸುತ್ತಾ, ಸ್ವಲ್ಪ ನಡೆದು ಸ್ವಲ್ಪ ಓಡಿ ಸಾಗಿದೆ. 2 ಗಂಟೆ 41 ನಿಮಿಷ. ಕ್ರೀಡಾಂಗಣದ ಹುಲ್ಲಿನ ಮೇಲೆ ಶೂ ಕಳಚಿ ನೋಡಿದೆ, ಒಂದೂ ಬೊಬ್ಬೆಯಿರಲಿಲ್ಲ. ಅಲ್ಹಮ್ದುಲಿಲ್ಲಾಹ್. ಅಲ್ಲೇ ಶುಕ್ರಿನ ಸುಜೂದ್ ಮಾಡಿ, ಅಬ್ಬಾರಿಗೆ ಫೋನು ಮಾಡಿದೆ. ಸಮಯವನ್ನು ಅವರು ಕೇಳಲಿಲ್ಲ. ಕಾಲು ಹೇಗಿದೆ ಎಂದರು.

ಮನೆಗೆ ಬಂದ ಮೇಲೆ ಪತ್ನಿ ಪದಕವನ್ನು ತಿರುಗಿಸಿ ನೋಡಿ, ಪ್ರವಾದಿ(ಸ)ಯವರು ಓಡಿದ್ದು ಆಯಿಶಾ(ರ)ರ ಜೊತೆಗಲ್ಲವೇ, ನೀವು ನನ್ನನ್ನು ಮನೆಯಲ್ಲಿ ಬಿಟ್ಟು ಓಡಿದಿರಿ ಎಂದು ನಕ್ಕಳು. ಅಬೂದಾವೂದ್‌ನಲ್ಲಿರುವ ಆ ಹದೀಸನ್ನು ಅವಳಿಗೆ ಹೇಳಿದ್ದವನು ನಾನೇ: ಮೊದಲ ಸಲ ಆಯಿಶಾ(ರ) ಗೆದ್ದರು, ವರ್ಷಗಳ ನಂತರ ಪ್ರವಾದಿ(ಸ)ಯವರು ಗೆದ್ದು, ಇದು ಅದಕ್ಕಾಯಿತು ಎಂದರು. ಈಗ ನಾವಿಬ್ಬರೂ ಫಜ್ರ್ ಬಳಿಕ ಕಾಲುವೆಯ ದಂಡೆಯ ಮೇಲೆ ನಡೆಯುತ್ತೇವೆ. ಅವಳದು ಸವೆದ ಚಪ್ಪಲಿ. ಮುಂದಿನ ವಾರ, ಇನ್ ಶಾ ಅಲ್ಲಾಹ್, ಸಂಜೆಯ ಹೊತ್ತಿಗೆ ತಲುಪುವಂತೆ ಕಲಬುರಗಿಗೆ ಹೋಗುವವರಿದ್ದೇವೆ.