ನಾಣ್ಯದ ಕಂಬ ಮತ್ತು ನಾನು ತಪ್ಪಿಸಿಕೊಂಡ ಪ್ರಶ್ನೆ

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನನಗೆ ಶಿಕಾರಿಪುರದ ಒಂದು ಪ್ರೌಢಶಾಲೆ ಸಿಕ್ಕಿತ್ತು. ಒಂಬತ್ತನೇ ತರಗತಿಗೆ ದ್ರವ್ಯದ ಸ್ಥಿತಿಗಳ ಪಾಠ. ಘನ, ದ್ರವ, ಅನಿಲ ಎಂದು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಮಿಸ್, ಎಲ್‌ಸಿಡಿ ಅಂದ್ರೆ ಲಿಕ್ವಿಡ್ ಕ್ರಿಸ್ಟಲ್ ಅಂತೆ. ದ್ರವವೇ ಸ್ಫಟಿಕ ಹೇಗಾಗುತ್ತೆ?"

"ಅದು ಪಠ್ಯದಲ್ಲಿಲ್ಲ, ಕೂತ್ಕೋ" ಎಂದೆ. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು. ಆದರೆ ನಾನಲ್ಲಿದ್ದಷ್ಟು ದಿನ ಆ ಹುಡುಗ ಮತ್ತೆ ಕೈ ಎತ್ತಲಿಲ್ಲ.

ಎರಡನೇ ಹಂತ ಸೊರಬದಲ್ಲಿ. ಅದೇ ತರಗತಿ, ಅದೇ ಪಾಠ. ಈ ಸಲ ಓದಿಕೊಂಡು ಹೋಗಿದ್ದೆ. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್, ಎರಡು ಸಲ ಕರಗುವಂತೆ ಕಾಣುವ ವಸ್ತುವನ್ನು ಕಂಡ: ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಬ್ಬು ದ್ರವ, 179ರ ಹತ್ತಿರ ತಿಳಿ ದ್ರವ. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ತಟ್ಟೆಯಲ್ಲಿ ಬೆಂಕಿಕಡ್ಡಿಗಳನ್ನು ಒಂದೇ ದಿಕ್ಕಿಗೆ ಹರಡಿ ತೋರಿಸಿದೆ. ಕಡ್ಡಿಗಳಿಗೆ ನಿಗದಿತ ಜಾಗವಿಲ್ಲ, ಆದರೆ ಮುಖ ಒಂದೇ ಕಡೆಗೆ.

ಬಹುಕಾಲ ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಇದು ಸಾಧ್ಯವೆಂದು ನಂಬಲಾಗಿತ್ತು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಉದ್ದನೆಯ ಬಾಲಗಳು. ಇದನ್ನು ವಿವರಿಸಲು ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ, ಅಂಥ ಏಳು ಕಂಬಗಳನ್ನು ಮೇಜಿನ ಮೇಲೆ ನಿಲ್ಲಿಸಿದೆ.

ಮುಂದಿನ ಸಾಲಿನ ಹುಡುಗಿ ಕೇಳಿದಳು: "ಇಷ್ಟು ಜೋಡಿಸಿಟ್ಟರೆ ಅದು ಘನವೇ ಅಲ್ವಾ ಮಿಸ್?"

ನನಗೆ ಉತ್ತರ ಗೊತ್ತಿರಲಿಲ್ಲ. ಶಿಕಾರಿಪುರದ ಹುಡುಗ ನೆನಪಾದ. "ನನಗೂ ಗೊತ್ತಿಲ್ಲ, ನಾಳೆ ಓದಿಕೊಂಡು ಬರ್ತೀನಿ" ಎಂದೆ. ಹಿಂದೆ ಕೂತಿದ್ದ ವೀಕ್ಷಕರು ಏನೋ ಬರೆದುಕೊಂಡರು. ನನ್ನ ಎದೆ ಹೊಡೆದುಕೊಂಡಿತು.

ಮರುದಿನ ಆ ಹುಡುಗಿಯಿಂದಲೇ ಕಂಬಗಳನ್ನು ಮಾಡಿಸಿದೆ. ಒಂದರ ಸುತ್ತ ಆರು ಕಂಬ: ಈ ಜೋಡಣೆ ಸ್ಫಟಿಕದಂತೆ ಕ್ರಮಬದ್ಧ. ಆದರೆ ಕಂಬದೊಳಗೆ ಬಿಲ್ಲೆಗಳ ನಡುವಿನ ಅಂತರ ಒಂದೇ ಸಮನಾಗಿರುವುದಿಲ್ಲ. ಅಲ್ಲಿ ದ್ರವದ ಅಸ್ತವ್ಯಸ್ತತೆ. "ಹಾಗಾದ್ರೆ ಅಡ್ಡಕ್ಕೆ ಸ್ಫಟಿಕ, ಉದ್ದಕ್ಕೆ ದ್ರವ!" ಎಂದಳು ಅವಳು. ನನ್ನ ಪಾಠ ಯೋಜನೆಯಲ್ಲಿ ಅಷ್ಟು ಚೊಕ್ಕ ವಾಕ್ಯ ಇರಲಿಲ್ಲ.

ವೀಕ್ಷಕರ ಟಿಪ್ಪಣಿಯಲ್ಲಿ ಹೀಗಿತ್ತು: "ಸಮಯ ಪಾಲನೆ ಸಾಲದು. ಪ್ರಶ್ನೆಗಳ ನಿರ್ವಹಣೆ ಉತ್ತಮ." ಎರಡನ್ನೂ ಒಪ್ಪಿಕೊಂಡೆ. ಶಿಕಾರಿಪುರದ ಆ ಹುಡುಗನಿಗೆ ಮಾತ್ರ ನಾನಿನ್ನೂ ಉತ್ತರ ಕೊಟ್ಟಿಲ್ಲ.